ಸ್ತನದ ಕ್ಯಾನ್ಸರ್ ಮತ್ತು ಜೀವಕೋಶಗಳ ಬೆಸುಗೆ: ಒಂದು ಶೋಧದ ಇತಿಹಾಸ

ಮುಂಬಯಿಯಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಿಗೂ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೂ ಇರುವ ನಂಟು ಯಾರೂ ಬಯಸಿ ಕಟ್ಟಿಕೊಂಡದ್ದಲ್ಲ. 1941ರಲ್ಲಿ ತೆರೆದ ಆ ಆಸ್ಪತ್ರೆಗೆ ಊರಿನಿಂದ ಚಿಕಿತ್ಸೆಗೆಂದು ಬರುವ ಬಂಧುಗಳು, ಬಂಧುಗಳ ಬಂಧುಗಳು, ಇಳಿದುಕೊಳ್ಳುವುದು ನಮ್ಮ ಒಂದೂವರೆ ಕೋಣೆಯ ಬಿಡಾರಗಳಲ್ಲಿಯೇ. ಅವರನ್ನು ಲೋಕಲ್ ರೈಲಿನಲ್ಲಿ ಜೋಪಾನವಾಗಿ ಕರೆದೊಯ್ಯುವುದು, ಚೀಟಿ ಮಾಡಿಸುವುದು, ಸಾಲಿನಲ್ಲಿ ನಿಲ್ಲುವುದು ಎಲ್ಲವೂ ನಮಗೆ ರೂಢಿಯಾಗಿದೆ. ಕಡತ ಓದಿ ಪಳಗಿದ ಗುಮಾಸ್ತರೆಂಬ ಕಾರಣಕ್ಕೋ, ಹೆಸರಿನ ಮುಂದೆ ಬಿ.ಎಸ್‌ಸಿ. ಎಂಬ ಬಾಲವಿರುವುದಕ್ಕೋ, ಪರೀಕ್ಷೆಯ ವರದಿಗಳನ್ನು ಓದಿ ಹೇಳುವ ಕೆಲಸವೂ ನಮ್ಮ ಪಾಲಿಗೇ ಬರುತ್ತದೆ.

ಸ್ತನದ ಗಂಟಿನ ವರದಿಗಳಲ್ಲಿ ಈಚೆಗೆ ಒಮ್ಮೊಮ್ಮೆ ಕಾಣುವ ಒಂದು ಸಾಲು ಉಂಟು: 'ಇ-ಕ್ಯಾಡ್‌ಹೆರಿನ್: ನೆಗೆಟಿವ್'. ನೆಗೆಟಿವ್ ಎಂದರೆ ದೋಷವಿಲ್ಲವೆಂದು ಭಾವಿಸಿ ಮನೆಯ ಹಿರಿಯರು ದೇವರ ಮುಂದೆ ದೀಪ ಹಚ್ಚುತ್ತಾರೆ. ಮಲೇರಿಯಾ, ಟೈಫಾಯ್ಡ್ ಪರೀಕ್ಷೆಗಳಿಂದ ಕಲಿತ ಪಾಠ ಅದು. ಈ ಸಾಲಿನಲ್ಲಿ ಮಾತ್ರ ಆ ಅರ್ಥ ನಡೆಯದು. ಇರಬೇಕಾದ ಒಂದು ವಸ್ತು ಇಲ್ಲ ಎಂಬುದೇ ಅದರ ತಾತ್ಪರ್ಯ. ಹಾಗೆಂದು ಎದೆಗುಂದಬೇಕಾದ ಮಾತೂ ಅಲ್ಲ. ಆ ವಸ್ತು ಯಾವುದು, ಅದು ಪತ್ತೆಯಾದದ್ದು ಹೇಗೆ, ಕ್ಯಾನ್ಸರ್ ಹರಡುವುದಕ್ಕೂ ಅದಕ್ಕೂ ಏನು ಸಂಬಂಧ ಎಂಬ ಕಥೆ ನೂರಾರು ವರ್ಷಗಳಷ್ಟು ಉದ್ದದ್ದು. ಭಾರತದ ಹೆಂಗಸರಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಸ್ತನದ್ದೇ ಆದ್ದರಿಂದ, ಈ ಕಥೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ನಮಗೆ ತೋರಿತು.

ಸ್ತನದಲ್ಲಿ ಹುಟ್ಟಿದ ಗಂಟು ಸ್ತನದಲ್ಲಿಯೇ ಉಳಿದರೆ ಅದರಿಂದ ಪ್ರಾಣಕ್ಕೆ ಅಪಾಯ ವಿರಳ. ಮೂಳೆ, ಯಕೃತ್ತು, ಶ್ವಾಸಕೋಶ, ಮಿದುಳುಗಳಿಗೆ ಅದರ ಮರಿಗಳು ಹೋಗಿ ಕೂರುವುದೇ ಮಾರಕ. ಪ್ರಾಚೀನ ಗ್ರೀಕ್ ವೈದ್ಯರು ಇದನ್ನೆಲ್ಲ ದೇಹದ ತುಂಬ ಹರಿಯುವ ಕಪ್ಪು ಪಿತ್ತದ ದೋಷವೆಂದರು. ಆ ನಂಬಿಕೆ ಒಂದೂವರೆ ಸಾವಿರ ವರ್ಷ ನಡೆಯಿತು. 1829ರಲ್ಲಿ ಪ್ಯಾರಿಸ್ಸಿನ ವೈದ್ಯ ರೆಕಾಮಿಯೆ ಈ ಹರಡುವಿಕೆಗೆ 'ಮೆಟಾಸ್ಟೇಸಿಸ್' ಎಂಬ ಹೆಸರು ಕೊಟ್ಟ. ಜರ್ಮನಿಯ ವಿರ್ಖೋ ಎಲ್ಲ ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುವುದೆಂದು 1850ರ ದಶಕದಲ್ಲಿ ಸಾರಿದ ಮೇಲೆ, ಗಂಟು ಎಂದರೆ ಕೋಶಗಳ ರಾಶಿ ಎಂಬ ತಿಳಿವಳಿಕೆ ನೆಲೆಗೊಂಡಿತು. 1869ರಲ್ಲಿ ಆಸ್ಟ್ರೇಲಿಯಾದ ಆಶ್‌ವರ್ತ್ ಎಂಬ ವೈದ್ಯ, ಕ್ಯಾನ್ಸರ್‌ನಿಂದ ಸತ್ತ ಒಬ್ಬ ಗಂಡಸಿನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವಾಗ ಗಂಟಿನ ಕೋಶಗಳನ್ನೇ ಹೋಲುವ ಕೋಶಗಳನ್ನು ಅಲ್ಲಿ ಕಂಡ. ರಕ್ತದಲ್ಲಿ ಅವು ಪ್ರಯಾಣ ಮಾಡುತ್ತವೆ ಎಂದು ಊಹಿಸಿದ. ಆ ಬರಹವನ್ನು ಬಹುಕಾಲ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

1889ರಲ್ಲಿ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಬೇರೊಂದು ದಾರಿ ಹಿಡಿದ. ಸ್ತನದ ಕ್ಯಾನ್ಸರ್‌ನಿಂದ ಮೃತರಾದ 735 ಹೆಂಗಸರ ಶವಪರೀಕ್ಷೆಯ ದಾಖಲೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ. (ದಾಖಲೆಗಳ ರಾಶಿಯಿಂದಲೇ ಇಂತಹ ಸತ್ಯ ಹೊರಟಿತೆಂದು ಓದಿದಾಗ ನಮ್ಮಂತಹ ಗುಮಾಸ್ತರಿಗೆ ಆಗುವ ಸಂತೋಷವೇ ಬೇರೆ.) ರಕ್ತ ಹರಿಯುವ ಕಡೆಗೆಲ್ಲ ಕ್ಯಾನ್ಸರ್ ಸಮನಾಗಿ ಹೋಗುವುದಿಲ್ಲ, ಯಕೃತ್ತಿನಲ್ಲಿ ಪದೇ ಪದೇ ಕಾಣುವುದು ಗುಲ್ಮದಲ್ಲಿ ತೀರ ಅಪರೂಪ. ಬೀಜ ಎಲ್ಲ ದಿಕ್ಕಿಗೂ ತೂರಿದರೂ ಹದವಾದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು ಅವನು ತೀರ್ಮಾನಿಸಿದ. ಒಕ್ಕಲುತನದ ಮನೆಗಳಿಂದ ಬಂದ ನಮ್ಮವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಆದರೆ ಶಸ್ತ್ರವೈದ್ಯರು ಕೇಳಿದ್ದು ಪ್ಯಾಜೆಟ್ಟನ ಮಾತನ್ನಲ್ಲ, ಅಮೆರಿಕದ ಬಾಲ್ಟಿಮೋರ್ ನಗರದ ಹಾಲ್‌ಸ್ಟೆಡ್ಡನ ಮಾತನ್ನು. ಕ್ಯಾನ್ಸರ್ ಮೊದಲು ಅಕ್ಕಪಕ್ಕಕ್ಕೆ, ಆಮೇಲೆ ಕಂಕುಳಿನ ಗ್ರಂಥಿಗಳಿಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹಬ್ಬುತ್ತದೆಂಬುದು ಅವನ ನಂಬಿಕೆ. ಹಾಗಾದರೆ ಅಗಲವಾಗಿ ಕತ್ತರಿಸಿದಷ್ಟೂ ಕ್ಷೇಮ. ಸ್ತನ, ಅದರ ಹಿಂದಿನ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೇ ತೆಗೆದುಹಾಕುವ ಶಸ್ತ್ರಕ್ರಿಯೆಯಿಂದ 50 ರೋಗಿಗಳಲ್ಲಿ ಬಂದ ಫಲವನ್ನು ಅವನು 1894ರಲ್ಲಿ ಪ್ರಕಟಿಸಿದ. ಮುಂದೆ ಮುಕ್ಕಾಲು ಶತಮಾನ ಲಕ್ಷಾಂತರ ಹೆಂಗಸರ ಮೇಲೆ ಅದೇ ಕ್ರಮ ನಡೆಯಿತು. ತೋಳು ಊದಿಕೊಂಡು, ಭುಜ ಕುಸಿದು, ಪಕ್ಕೆಲುಬು ಎಣಿಸುವಂತಾದ ಎದೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಳಿದ ಅಜ್ಜಿಯರನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಹಾಲ್‌ಸ್ಟೆಡ್ ಕ್ರೂರಿಯಲ್ಲ; ಅವನ ಕಾಲಕ್ಕೆ ಕೈಯಲ್ಲಿದ್ದ ಆಯುಧ ಅದೊಂದೇ. ಅವನ ನಂತರದವರು ಪರೀಕ್ಷಿಸಿ ನೋಡಲು ಅಷ್ಟು ವರ್ಷ ತೆಗೆದುಕೊಂಡದ್ದು ಮಾತ್ರ ಕ್ಷಮಾರ್ಹವಲ್ಲವೆಂದು ನಮ್ಮ ಅಭಿಪ್ರಾಯ. ಬರ್ನಾರ್ಡ್ ಫಿಶರ್ ಎಂಬ ಶಸ್ತ್ರವೈದ್ಯರ ಮುಂದಾಳ್ತನದಲ್ಲಿ 1971ರಲ್ಲಿ ಅಮೆರಿಕದಲ್ಲಿ ಆರಂಭವಾದ ಪ್ರಯೋಗದಲ್ಲಿ 1,665 ಹೆಂಗಸರನ್ನು ಸೇರಿಸಿಕೊಂಡು ದೊಡ್ಡ ಶಸ್ತ್ರಕ್ರಿಯೆಯನ್ನೂ ಚಿಕ್ಕದನ್ನೂ ಹೋಲಿಸಲಾಯಿತು. ಹತ್ತು ವರ್ಷದ ಲೆಕ್ಕ 1985ರಲ್ಲಿ, ಇಪ್ಪತ್ತೈದು ವರ್ಷದ ಲೆಕ್ಕ 2002ರಲ್ಲಿ ಬಂತು. ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ, ಹರಡಬೇಕಾದ ಕೋಶಗಳು ಚೂರಿ ತಾಗುವ ಮೊದಲೇ ಹೊರಟುಹೋಗಿರುತ್ತವೆ. ಹಾಗಾದರೆ ಅವು ಹೊರಡುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಬಂದದ್ದು ಆಸ್ಪತ್ರೆಗಳಿಂದಲ್ಲ, ಸಮುದ್ರದ ಜೀವಿಗಳಿಂದ. 1900ರಲ್ಲಿ ಜರ್ಮನಿಯ ಹರ್ಬ್ಸ್ಟ್ ಎಂಬ ವಿಜ್ಞಾನಿ ಕಡಲುಮುಳ್ಳಿನ ಜೀವಿಯ ಎಳೆಯ ಭ್ರೂಣವನ್ನು ಸುಣ್ಣದ ಅಂಶವಾದ ಕ್ಯಾಲ್ಸಿಯಂ ಇಲ್ಲದ ಸಮುದ್ರಜಲದಲ್ಲಿ ಇಟ್ಟ. ಭ್ರೂಣದ ಕೋಶಗಳು ಬಿಡಿಬಿಡಿಯಾಗಿ ಉದುರಿದವು. 1907ರಲ್ಲಿ ಅಮೆರಿಕದ ವಿಲ್ಸನ್ ಎಂಬಾತ ಜೀವಂತ ಸ್ಪಂಜನ್ನು ರೇಷ್ಮೆ ಬಟ್ಟೆಯಲ್ಲಿ ಹಾಕಿ ಹಿಂಡಿದಾಗ ಒಂದೊಂದಾಗಿ ಹೊರಬಿದ್ದ ಕೋಶಗಳು ನೀರಿನಲ್ಲಿ ತೆವಳಿ ಮತ್ತೆ ಒಂದುಗೂಡಿ ಹೊಸ ಸ್ಪಂಜಾದವು. ಪರಸ್ಪರ ಗುರುತು ಹಿಡಿದು ಅಂಟಿಕೊಳ್ಳುವ ಶಕ್ತಿ ಕೋಶದ ಮೈಯಲ್ಲೇ ಇದೆ ಎಂದಾಯಿತು.

ಇದನ್ನು ಕ್ಯಾನ್ಸರ್‌ಗೆ ಜೋಡಿಸಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೇಲ್ ಕೋಮನ್. ಅವರ ಉಪಾಯ ಬಹಳ ಸರಳ. ಸೂಕ್ಷ್ಮದರ್ಶಕದ ಕೆಳಗೆ ಒಂದಕ್ಕೊಂದು ಅಂಟಿದ ಎರಡು ಕೋಶಗಳಿಗೆ ಎರಡು ಅತಿ ತೆಳುವಾದ ಗಾಜಿನ ಸೂಜಿ ಚುಚ್ಚಿ ಎಳೆಯುವುದು, ಬಿಡಿಸಿಕೊಳ್ಳುವಾಗ ಸೂಜಿ ಎಷ್ಟು ಬಾಗಿತೆಂದು ಅಳೆಯುವುದು. ಆರೋಗ್ಯವಂತ ಕೋಶಗಳನ್ನು ಬಿಡಿಸಲು ಬಲ ಹೆಚ್ಚು ಬೇಕು. ಕ್ಯಾನ್ಸರ್ ಕೋಶಗಳು ಸುಲಭವಾಗಿ ಬಿಟ್ಟುಕೊಂಡವು. 1944ರಲ್ಲಿ, ಮಹಾಯುದ್ಧದ ನಡುವೆ, ಈ ಲೇಖನ ಹೊರಬಂತು. ಕ್ಯಾನ್ಸರ್ ಕೋಶ ದೇಹದಲ್ಲಿ ಅಲೆಯುವುದು ಅದು ನೆರೆಯವರ ಕೈ ಬಿಟ್ಟಿದ್ದರಿಂದ ಎಂಬ ವಿಚಾರಕ್ಕೆ ಇದೇ ಮೊದಲ ಅಳತೆಗೋಲು.

ಕೈ ಎಂದರೆ ಯಾವುದು? 1963ರಲ್ಲಿ ಫರ್ಕರ್ ಮತ್ತು ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕೋಶಗಳ ನಡುವಿನ ಸಂಧಿಗಳನ್ನು ವಿಂಗಡಿಸಿ ತೋರಿಸಿದರು. ನೀರು ಸೋರದಂತೆ ಮೊಹರು ಹಾಕುವ ಸಂಧಿ ಒಂದು, ಒಳಗಿನ ಎಳೆಗಳನ್ನು ಸೊಂಟಪಟ್ಟಿಯಂತೆ ಹಿಡಿದು ಅಂಟಿಸುವುದು ಇನ್ನೊಂದು, ರಿವೆಟ್ ಹೊಡೆದಂತೆ ಅಲ್ಲಲ್ಲಿ ಬಿಗಿಯುವುದು ಮತ್ತೊಂದು. ಕೋಶದಿಂದ ಕೋಶಕ್ಕೆ ಸಂದೇಶ ಸಾಗಿಸುವ ಕೊಳವೆಯಂತಹ ಸಂಧಿಗಳೂ ಉಂಟು. 1966ರಲ್ಲಿ ಲೋವೆನ್‌ಸ್ಟೈನ್ ಮತ್ತು ಕನ್ನೋ ಎಂಬವರು ಇಲಿಯ ಯಕೃತ್ತಿನ ಕ್ಯಾನ್ಸರ್ ಕೋಶಗಳಲ್ಲಿ ಆ ಸಂಪರ್ಕ ಕಡಿದುಹೋಗಿದ್ದನ್ನು ವಿದ್ಯುತ್ ಅಳತೆಯಿಂದ ತೋರಿಸಿದರು. ಸಂಧಿಗಳು ಕಂಡವು, ಅಂಟು ಯಾವ ವಸ್ತುವಿನದು ಎಂಬುದು ಗುಟ್ಟಾಗಿಯೇ ಉಳಿಯಿತು.

ಆ ಗುಟ್ಟು ಒಡೆದದ್ದು ಕಥೆಯ ಅತ್ಯಂತ ಸ್ವಾರಸ್ಯದ ಭಾಗ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಮಸತೋಶಿ ತಕೇಯಿಚಿ ಎಂಬ ತರುಣ ವಿಜ್ಞಾನಿ 1970ರ ದಶಕದ ನಡುವಿನಲ್ಲಿ ಬಾಲ್ಟಿಮೋರಿನ ಕಾರ್ನೆಗೀ ಸಂಸ್ಥೆಯ ಪ್ರಯೋಗಶಾಲೆಗೆ ಬಂದರು. ಹೌದು, ಹಾಲ್‌ಸ್ಟೆಡ್ಡನ ಅದೇ ಬಾಲ್ಟಿಮೋರ್. ಊರಿನಲ್ಲಿ ಮಾಡುತ್ತಿದ್ದ ಪ್ರಯೋಗವನ್ನೇ ಅಲ್ಲಿಯೂ ಮಾಡಿದರು: ಟ್ರಿಪ್ಸಿನ್ ಎಂಬ ಕಿಣ್ವದಿಂದ ಕೋಶಗಳನ್ನು ಬಿಡಿಸುವುದು, ಅವು ಮತ್ತೆ ಗುಂಪುಗೂಡುವುದನ್ನು ನೋಡುವುದು. ಕ್ಯೋಟೋದಲ್ಲಿ ಕ್ಷಣದಲ್ಲಿ ಒಂದುಗೂಡುತ್ತಿದ್ದ ಕೋಶಗಳು ಬಾಲ್ಟಿಮೋರಿನಲ್ಲಿ ಒಂದುಗೂಡಲೇ ಇಲ್ಲ. ಪರಊರಿನ ನೀರು ಒಗ್ಗಲಿಲ್ಲವೆಂದು ನಾವಾಗಿದ್ದರೆ ಕೈಚೆಲ್ಲುತ್ತಿದ್ದೆವು. ತಕೇಯಿಚಿ ಬಾಟಲಿಯ ಚೀಟಿ ನೋಡಿದರು. ಕಾರ್ನೆಗೀಯವರ ಟ್ರಿಪ್ಸಿನ್ ದ್ರಾವಣದಲ್ಲಿ ಇ.ಡಿ.ಟಿ.ಎ. ಎಂಬ ರಾಸಾಯನಿಕ ಬೆರೆತಿತ್ತು. ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯೋಟೋದ ದ್ರಾವಣದಲ್ಲಿ ಅದು ಇರಲಿಲ್ಲ.

ಇದರಿಂದ ಅವರು ಕಟ್ಟಿದ ತರ್ಕ ಇದು. ಕೋಶದ ಮೈಮೇಲೆ ಅಂಟುವ ಪ್ರೋಟೀನು ಒಂದಿದೆ. ಕ್ಯಾಲ್ಸಿಯಂ ಇರುವತನಕ ಅದು ಬಿಗಿಯಾಗಿ ನಿಂತಿರುತ್ತದೆ, ಟ್ರಿಪ್ಸಿನ್ನಿನ ಕತ್ತರಿ ಅದಕ್ಕೆ ತಾಗುವುದಿಲ್ಲ. ಕ್ಯಾಲ್ಸಿಯಂ ತೆಗೆದೊಡನೆ ಅದು ಸಡಿಲಗೊಂಡು ಕತ್ತರಿಗೆ ಸಿಕ್ಕಿ ನಾಶವಾಗುತ್ತದೆ. ಆದ್ದರಿಂದಲೇ ಬಾಲ್ಟಿಮೋರಿನ ಕೋಶಗಳು ಅಂಟನ್ನೇ ಕಳೆದುಕೊಂಡಿದ್ದವು. 1977ರಲ್ಲಿ ಇದು ಪ್ರಕಟವಾಯಿತು. ಹರ್ಬ್ಸ್ಟನ ಭ್ರೂಣ ಉದುರಿದ್ದೇಕೆಂಬುದೂ 77 ವರ್ಷಗಳ ನಂತರ ಅರ್ಥವಾಯಿತು. ಕ್ಯೋಟೋಗೆ ಮರಳಿದ ತಕೇಯಿಚಿ ಮತ್ತು ಶಿಷ್ಯರು ಆ ಪ್ರೋಟೀನನ್ನು ಹಿಡಿದು 1984ರಲ್ಲಿ ಕ್ಯಾಡ್‌ಹೆರಿನ್ ಎಂದು ನಾಮಕರಣ ಮಾಡಿದರು; ಕ್ಯಾಲ್ಸಿಯಂ ಮತ್ತು ಅಂಟುವಿಕೆ ಎರಡೂ ಆ ಹೆಸರಿನಲ್ಲಿವೆ. ಚರ್ಮ, ಸ್ತನದ ನಾಳ, ಕರುಳಿನ ಒಳಪದರಗಳಂತಹ ಹೊದಿಕೆಯ ಅಂಗಾಂಶಗಳಲ್ಲಿ ಇರುವುದು ಇ-ಕ್ಯಾಡ್‌ಹೆರಿನ್. ನರಗಳಲ್ಲಿ ಇರುವುದು ಎನ್-ಕ್ಯಾಡ್‌ಹೆರಿನ್. 1987ರಲ್ಲಿ, ಅಂಟುವ ಗುಣವಿಲ್ಲದ ಇಲಿಯ ಕೋಶಗಳಿಗೆ ಇ-ಕ್ಯಾಡ್‌ಹೆರಿನ್ನಿನ ಜೀನನ್ನು ಸೇರಿಸಿದಾಗ ಅವು ಕೈಕೈ ಹಿಡಿದು ನಿಂತವು. ಮರುವರ್ಷದ ಪ್ರಯೋಗದಲ್ಲಿ, ಬೇರೆ ಬೇರೆ ಕ್ಯಾಡ್‌ಹೆರಿನ್ ತೊಟ್ಟ ಕೋಶಗಳನ್ನು ಕಲಸಿಟ್ಟರೆ ತಮ್ಮ ತಮ್ಮ ಬಳಗವನ್ನೇ ಹುಡುಕಿಕೊಂಡು ಸೇರುತ್ತವೆಂದು ಕಂಡಿತು. ಸಂಘದ ಸದಸ್ಯರಿಗೆ ಈ ಸ್ವಭಾವ ಪರಿಚಿತವೇ ಇದೆ.

ಇದೇ ವಸ್ತುವಿನ ಬೆನ್ನುಹತ್ತಿದವರು ತಕೇಯಿಚಿ ಒಬ್ಬರೇ ಅಲ್ಲ. ಪ್ಯಾರಿಸ್ಸಿನಲ್ಲಿದ್ದ ರೋಲ್ಫ್ ಕೆಮ್ಲರ್ ಮತ್ತು ಜೊತೆಗಾರರು ಇಲಿಯ ಭ್ರೂಣದಲ್ಲಿ ಅದನ್ನು ಕಂಡು ಬೇರೆ ಹೆಸರಿಟ್ಟಿದ್ದರು. ಅಮೆರಿಕದ ಮತ್ತೊಂದು ತಂಡ 1983ರಲ್ಲಿ ಅದರ ತುಣುಕನ್ನು ಬೇರ್ಪಡಿಸಿದ್ದು ಎಂ.ಸಿ.ಎಫ್.-7 ಎಂಬ ಸ್ತನ ಕ್ಯಾನ್ಸರ್ ಕೋಶಗಳನ್ನು ಬೆಳೆಸಿದ ದ್ರವದಿಂದ. ಆ ಕೋಶಗಳು ಮಿಷಿಗನ್ನಿನ ಒಬ್ಬ ಕ್ರೈಸ್ತ ಸಂನ್ಯಾಸಿನಿಯ ದೇಹದಿಂದ 1970ರಲ್ಲಿ ತೆಗೆದವು. ಆಕೆ ಅದೇ ವರ್ಷ ತೀರಿಕೊಂಡರು. ಕೋಶಗಳು ಲೋಕದ ಪ್ರಯೋಗಶಾಲೆಗಳಲ್ಲಿ ಇಂದಿಗೂ ಬೆಳೆಯುತ್ತಿವೆ. ಎಲ್ಲರೂ ಹಿಡಿದದ್ದು ಒಂದೇ ಆನೆಯನ್ನೆಂದು ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಕೆಮ್ಲರ್ ಬಳಗ 1989ರಲ್ಲಿ ಕ್ಯಾಡ್‌ಹೆರಿನ್ನಿನ ಬಾಲವನ್ನು ಕೋಶದ ಒಳಗಿನ ಎಳೆಗಳಿಗೆ ಕಟ್ಟುವ ಪ್ರೋಟೀನುಗಳನ್ನು ಗುರುತಿಸಿ ಕ್ಯಾಟೆನಿನ್ ಎಂದು ಕರೆಯಿತು. ಲ್ಯಾಟಿನ್ನಿನಲ್ಲಿ ಸರಪಳಿ ಎಂಬ ಅರ್ಥದ ಪದದಿಂದ ಬಂದ ಹೆಸರು. ಹೊರಗೆ ಕೊಕ್ಕೆ, ನಡುವೆ ಸರಪಳಿ, ಒಳಗೆ ಕಂಬ: ಬೆಸುಗೆಯ ರಚನೆ ಇಷ್ಟು. ಕೊಕ್ಕೆ ನೆಟ್ಟಗೆ ನಿಲ್ಲಲು ಅದರ ಗಿಣ್ಣುಗಳಲ್ಲಿ ಕ್ಯಾಲ್ಸಿಯಂ ಇರಬೇಕು. ತಕೇಯಿಚಿ, ಕೆಮ್ಲರ್ ಇಬ್ಬರಿಗೂ 2020ರಲ್ಲಿ ಕೆನಡಾದ ಗೈರ್ಡ್‌ನರ್ ಪ್ರಶಸ್ತಿ ಬಂತು.

ಇನ್ನು ಕ್ಯಾನ್ಸರ್. 1989ರಿಂದ 1991ರ ಒಳಗೆ ಜರ್ಮನಿಯಲ್ಲಿ ವಾಲ್ಟರ್ ಬಿರ್ಕ್‌ಮೈಯರ್ ಅವರ ತಂಡ, ಬೆಲ್ಜಿಯಮ್ಮಿನಲ್ಲಿ ಮತ್ತೊಂದು ತಂಡ ಪ್ರಯೋಗ ನಡೆಸಿದವು. ಇ-ಕ್ಯಾಡ್‌ಹೆರಿನ್ನನ್ನು ತಡೆದರೆ ಸೌಮ್ಯವಾದ ಕೋಶಗಳು ಪಕ್ಕದ ಅಂಗಾಂಶಕ್ಕೆ ನುಗ್ಗುತ್ತವೆ. ನುಗ್ಗುವ ಕ್ಯಾನ್ಸರ್ ಕೋಶಗಳಿಗೆ ಅದರ ಜೀನನ್ನು ಮರಳಿ ಕೊಟ್ಟರೆ ನುಗ್ಗುವುದು ನಿಲ್ಲುತ್ತದೆ. ಕೋಮನ್ನರ ಸೂಜಿ ಬಾಗಿದ ಲೆಕ್ಕಕ್ಕೆ ಈಗ ಒಂದು ಹೆಸರು ಸಿಕ್ಕಿತು.

ಸ್ತನದ ವಿಷಯದಲ್ಲಿ ಇದಕ್ಕೆ ವಿಶೇಷ ಸಾಕ್ಷ್ಯ ದೊರೆಯಿತು. ಸ್ತನದ ಕ್ಯಾನ್ಸರ್‌ನಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಲಾಬ್ಯುಲರ್ ಎಂಬ ಬಗೆಯದು. ಇದರ ಕೋಶಗಳು ಮುದ್ದೆಯಾಗಿ ಗಂಟುಕಟ್ಟದೆ, ರೇಷನ್ ಅಂಗಡಿಯ ಮುಂದಿನ ಸಾಲಿನಂತೆ ಒಂದರ ಹಿಂದೊಂದು ನಿಂತು ಅಂಗಾಂಶದೊಳಗೆ ಜಾರುತ್ತವೆ. ಕೈಗೆ ಗಂಟು ಸಿಗದಿರಬಹುದು, ಸ್ತನ ಕೊಂಚ ಗಟ್ಟಿಯಾದಂತೆ ಅಥವಾ ಆಕಾರ ಬದಲಾದಂತೆ ಮಾತ್ರ ತೋರಬಹುದು. ಮ್ಯಾಮೊಗ್ರಾಮಿನ ಕಣ್ಣಿಗೂ ಇದು ತಪ್ಪಿಸಿಕೊಳ್ಳುವುದುಂಟು. 'ಗಂಟೇ ಇಲ್ಲವಲ್ಲ' ಎಂದು ತಿಂಗಳುಗಟ್ಟಲೆ ಸುಮ್ಮನಿರುವ ನಮ್ಮ ಹೆಂಗಸರು ಗಮನಿಸಬೇಕಾದ ಸಂಗತಿ ಇದು. 1995ರಲ್ಲಿ ಬೆಲ್ಜಿಯಂ ಮತ್ತು ಹಾಲೆಂಡಿನ ಸಂಶೋಧಕರು ಈ ಲಾಬ್ಯುಲರ್ ಕ್ಯಾನ್ಸರ್‌ಗಳಲ್ಲಿ 16ನೆಯ ವರ್ಣತಂತುವಿನ ಮೇಲಿರುವ ಇ-ಕ್ಯಾಡ್‌ಹೆರಿನ್ ಜೀನು ಕೆಟ್ಟಿರುವುದನ್ನು ಕಂಡರು. ಸಾಲಾಗಿ ನಿಲ್ಲುವುದೇಕೆಂದು ತಿಳಿಯಿತು: ಪಕ್ಕದವರ ಕೈ ಹಿಡಿಯಲು ಕೊಕ್ಕೆಯೇ ಇಲ್ಲ. 1998ರಲ್ಲಿ ನ್ಯೂಜಿಲೆಂಡಿನ ಮಾವೋರಿ ಜನರ ಒಂದು ದೊಡ್ಡ ಕುಟುಂಬದಲ್ಲಿ ಇದೇ ಜೀನಿನ ದೋಷ ವಂಶಪಾರಂಪರ್ಯವಾಗಿ ಹರಿದು ಹೊಟ್ಟೆಯ ಕ್ಯಾನ್ಸರ್ ತರುತ್ತಿದ್ದುದು ಪತ್ತೆಯಾಯಿತು. ಅಂತಹ ದೋಷವಿರುವ ಹೆಂಗಸರಿಗೆ ಲಾಬ್ಯುಲರ್ ಕ್ಯಾನ್ಸರಿನ ಅಪಾಯವೂ ಹೆಚ್ಚು.

ವರದಿಯ ಆ ಸಾಲಿಗೆ ಈಗ ಅರ್ಥ ಹೇಳಬಹುದು. ಇ-ಕ್ಯಾಡ್‌ಹೆರಿನ್ ನೆಗೆಟಿವ್ ಎಂದರೆ ಸಾಮಾನ್ಯವಾಗಿ ಇದು ಲಾಬ್ಯುಲರ್ ಬಗೆ ಎಂದು ವೈದ್ಯರು ಗುರುತಿಸಿಕೊಳ್ಳುವ ಚಿಹ್ನೆ. ಈ ಬಗೆಯಲ್ಲಿ ಬಹುಪಾಲು ಹಾರ್ಮೋನಿಗೆ ಸ್ಪಂದಿಸುವಂಥವು, ಆದ್ದರಿಂದ ಹಾರ್ಮೋನ್ ತಡೆಯುವ ಮಾತ್ರೆಗಳು ಕೆಲಸ ಮಾಡುತ್ತವೆ. ದೀಪ ಹಚ್ಚುವುದೂ ಬೇಡ, ಅಳುವುದೂ ಬೇಡ. ಮಾತ್ರೆ ತಪ್ಪಿಸದಿದ್ದರೆ ಸಾಕು. ಅದನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ, ಊರಿಗೆ ಮರಳಿದವರು ನಿಲ್ಲಿಸಿಬಿಡುವುದು ಅಲ್ಲಿಯೇ.

ಕೊಕ್ಕೆ ಕಳಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಇಲ್ಲಿಗೆ ಮುಗಿಸಿದರೆ ಕಥೆ ಅಚ್ಚುಕಟ್ಟಾಗಿರುತ್ತಿತ್ತು. 2000ದ ಇಸವಿಯ ಹೊತ್ತಿಗೆ ಪಠ್ಯಪುಸ್ತಕಗಳು ಮುಗಿಸಿಯೂ ಇದ್ದವು. ಆದರೆ ಒಂದು ಆಕ್ಷೇಪ ಉಳಿದಿತ್ತು. ಸಾಮಾನ್ಯ ಬಗೆಯ, ಅಂದರೆ ನಾಳದಲ್ಲಿ ಹುಟ್ಟುವ ಸ್ತನ ಕ್ಯಾನ್ಸರ್ ಯಕೃತ್ತಿಗೋ ಮಿದುಳಿಗೋ ಹೋಗಿ ಕೂತಲ್ಲಿ ಪರೀಕ್ಷಿಸಿದರೆ ಅನೇಕ ವೇಳೆ ಇ-ಕ್ಯಾಡ್‌ಹೆರಿನ್ ಧಾರಾಳವಾಗಿ ಇರುತ್ತದೆ. ಕಳ್ಳ ಓಡಿಹೋಗುವಾಗ ಬೇಡಿಯನ್ನು ಜೊತೆಗೇ ಒಯ್ದಂತಾಯಿತು. ಕೊಕ್ಕೆಯನ್ನು ತಾತ್ಕಾಲಿಕವಾಗಿ ಅಡಗಿಸಿ, ತಲುಪಿದ ಮೇಲೆ ಮರಳಿ ತೊಡುತ್ತವೆಂದು ಹಲವರು ಸಮಾಧಾನ ಹೇಳಿದರು. ಅದರಲ್ಲಿ ಸತ್ಯಾಂಶವಿದೆ, ಕೊಕ್ಕೆಯ ಜೀನನ್ನು ಅದುಮಿಡುವ ಸ್ನೇಲ್, ಟ್ವಿಸ್ಟ್ ಮುಂತಾದ ಪ್ರೋಟೀನುಗಳೂ ಸಿಕ್ಕಿವೆ. ಎಲ್ಲವೂ ಅದರಿಂದ ತೀರಲಿಲ್ಲ.

2014ರಲ್ಲಿ ಬಾಸ್ಟನ್ನಿನ ಸಂಶೋಧಕರು ರಕ್ತದಲ್ಲಿ ತೇಲುವ ಸ್ತನ ಕ್ಯಾನ್ಸರ್ ಕೋಶಗಳನ್ನು ಎಣಿಸಿದರು. ಬಹುಪಾಲು ಒಂಟಿ, ಕೆಲವೇ ಗೊಂಚಲು. ಇಲಿಗಳಲ್ಲಿ ನೋಡಿದರೆ ಹೊಸ ಗಂಟು ಹುಟ್ಟಿಸುವ ಸಾಮರ್ಥ್ಯ ಗೊಂಚಲಿಗೆ ಒಂಟಿ ಕೋಶಕ್ಕಿಂತ 23ರಿಂದ 50 ಪಟ್ಟು ಹೆಚ್ಚು. ಗೊಂಚಲನ್ನು ಕಟ್ಟಿಹಿಡಿದಿದ್ದದ್ದು ಪ್ಲಾಕೊಗ್ಲೋಬಿನ್ ಎಂಬ ಸಂಧಿಯ ಪ್ರೋಟೀನು, ಕ್ಯಾಟೆನಿನ್ನುಗಳ ಬಳಗದ್ದೇ. ಗುಂಪಾಗಿ ಹೋದರೆ ಹೆಚ್ಚು ನೆಲೆಯೂರುತ್ತವೆಂದು ಲಯೋಟಾ ಎಂಬವರು 1976ರಲ್ಲೇ ಇಲಿಗಳಲ್ಲಿ ತೋರಿಸಿದ್ದರು. 2019ರಲ್ಲಿ ಅದೇ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಿಂದ, ಅಂದರೆ ಹಾಲ್‌ಸ್ಟೆಡ್ ಚೂರಿ ಹಿಡಿದಿದ್ದ ಸಂಸ್ಥೆಯಿಂದಲೇ, ವೀಣಾ ಪದ್ಮನಾಭನ್ ಮತ್ತು ಆಂಡ್ರ್ಯೂ ಇವಾಲ್ಡ್ ಮೊದಲಾದವರ ಲೇಖನ ಬಂತು. ನಾಳದ ಸ್ತನ ಕ್ಯಾನ್ಸರಿನ ಹಲವು ಮಾದರಿಗಳಲ್ಲಿ ಇ-ಕ್ಯಾಡ್‌ಹೆರಿನ್ ತೆಗೆದು ನೋಡಿದರು. ಕೋಶಗಳು ಹಿಂದಿಗಿಂತ ಹೆಚ್ಚಾಗಿ ನುಗ್ಗಿದವು, ಅಲ್ಲಿಯವರೆಗೆ ಹಳೆಯ ಪಾಠ ಸರಿ. ಆದರೆ ನುಗ್ಗಿದವು ದಾರಿಯಲ್ಲೇ ಸತ್ತವು. ದೂರದ ಅಂಗದಲ್ಲಿ ಗಂಟು ಕಟ್ಟಿದ್ದು ಬಹಳ ಕಡಿಮೆ. ಮನೆ ಬಿಡಲು ಕೈ ಬಿಡಬೇಕು, ಪರದೇಶದಲ್ಲಿ ಬದುಕಲು ಕೈ ಹಿಡಿದಿರಬೇಕು. ಲಾಬ್ಯುಲರ್ ಕ್ಯಾನ್ಸರ್ ಮಾತ್ರ ಕೊಕ್ಕೆಯಿಲ್ಲದೆ ಬದುಕುವುದನ್ನು ಬೇರೆ ರೀತಿ ಕಲಿತಿದೆ: 2015ರ ಒಂದು ವಿಸ್ತಾರವಾದ ಜೀನ್ ಸಮೀಕ್ಷೆಯಲ್ಲಿ, ಅವುಗಳಲ್ಲಿ ಬೆಳವಣಿಗೆಯ ಆಜ್ಞೆ ಕೊಡುವ ಇನ್ನೊಂದು ಸಂಕೇತದ ದಾರಿ ಹೆಚ್ಚು ಚುರುಕಾಗಿರುವುದು ಕಂಡುಬಂತು.

ಗೊಂಚಲು ಅಪಾಯಕಾರಿಯಾದರೆ ಅದನ್ನು ಬಿಡಿಸಬಾರದೇಕೆ? ಸ್ವಿಟ್ಜರ್ಲೆಂಡಿನ ಸಂಶೋಧಕರು ಈ ದಾರಿಯಲ್ಲಿ ಹೊರಟು, ಹೃದಯದ ಹಳೆಯ ಔಷಧವಾದ ಡಿಜಾಕ್ಸಿನ್ ಗೊಂಚಲುಗಳನ್ನು ಸಡಿಲಿಸಬಹುದೆಂದು ಕಂಡರು. ಕ್ಯಾನ್ಸರ್ ಹರಡಿದ್ದ ಒಂಬತ್ತು ಹೆಂಗಸರಿಗೆ ಅಲ್ಪಕಾಲ ಅದನ್ನು ಕೊಟ್ಟಾಗ ರಕ್ತದಲ್ಲಿನ ಗೊಂಚಲುಗಳ ಗಾತ್ರ ತುಸು ಕುಗ್ಗಿತೆಂದು 2025ರಲ್ಲಿ ವರದಿ ಮಾಡಿದರು. ಆಯುಸ್ಸು ಹೆಚ್ಚುವುದೇ ಎಂಬುದನ್ನು ಅಳೆಯಲು ಹೊರಟ ಪ್ರಯೋಗ ಅದಲ್ಲ. ಡಿಜಾಕ್ಸಿನ್ ಪ್ರಮಾಣ ಸ್ವಲ್ಪ ಹೆಚ್ಚಾದರೂ ಹೃದಯದ ಬಡಿತ ಕೆಡಿಸುವ ವಸ್ತು. ಅಜ್ಜನ ಔಷಧದ ಡಬ್ಬಿಯಲ್ಲಿ ಇದೆಯೆಂದು ಯಾರೂ ಅತ್ತ ಕೈ ಹಾಕಬಾರದು.